ಅರ್ಧಕ್ಕೆ ಕೇಳುವವರು

ಕನ್ನಡದಲ್ಲಿ ಪ್ರವಾಸ ಕಥನವೆಂಬ ಪ್ರಕಾರ ಚೆನ್ನಾಗಿ ಮೈ ತುಂಬಿಕೊಂಡಿದೆ. ವಿಮಾನ ಹತ್ತಿ ಇಳಿದವರು ಒಂದು ಪುಸ್ತಕ ಬರೆದೇ ಬರೆಯುತ್ತಾರೆ. ಬರೆಯಲಿ, ಬೇಡ ಅನ್ನೋಕೆ ನಾವ್ಯಾರು. ನಮ್ಮ ತಕರಾರು ಇರುವುದು ಈ ಪುಸ್ತಕಗಳ ಒಂದೇ ಒಂದು ಅಧ್ಯಾಯದ ಬಗ್ಗೆ. ಅದು ಶಾಪಿಂಗ್ ಅಧ್ಯಾಯ. ಚರ್ಚು, ಅರಮನೆ, ಮ್ಯೂಸಿಯಮ್ಮುಗಳ ಬಗ್ಗೆ ಬರೆಯುವಾಗ ಲೇಖಕರು ಗೈಡಿನ ಬಾಯಲ್ಲಿ ಮಾತಾಡ್ತಾರೆ. ಬೀದಿ ಬದಿಯ ಅಂಗಡಿಗೆ ಬಂದ ಕೂಡಲೇ ಸ್ವಂತ ಬಾಯಿ ಬಿಡುತ್ತಾರೆ. ಅವರು ಯಾವ ಕೇರಿಯಿಂದ ಹೊರಟವರು, ಯಾವ ಜಗಲಿಯ ಮೇಲೆ ಕೂತು ಲೋಕ ನೋಡಿದವರು ಎಂಬುದೆಲ್ಲ ಅಲ್ಲಿ ಗೊತ್ತಾಗಿಬಿಡುತ್ತದೆ.

ಆ ಅಧ್ಯಾಯದ ಅಚ್ಚು ಒಂದೇ. ದೇಶ ಮೆಕ್ಸಿಕೋ ಆಗಿರಬಹುದು, ಥಾಯ್ಲೆಂಡ್ ಆಗಿರಬಹುದು, ಈಜಿಪ್ಟ್ ಆಗಿರಬಹುದು. ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ಬಟ್ಟೆ ಹಾಸಿ, ತಾನು ನೇಯ್ದದ್ದನ್ನೋ ಮನೆಯವರು ಕೆತ್ತಿದ್ದನ್ನೋ ಇಟ್ಟುಕೊಂಡು ಕೂತಿರುತ್ತಾಳೆ. ಲೇಖಕರು ಬೆಲೆ ಕೇಳುತ್ತಾರೆ. ಅವಳು ನೂರು ಅಂದರೆ ಇವರು ನಲವತ್ತು ಅಂತಾರೆ. ಹೊರಟವರ ಹಾಗೆ ನಾಲ್ಕು ಹೆಜ್ಜೆ ಹಾಕುತ್ತಾರೆ. ಅವಳು ಹಿಂದಿನಿಂದ ಕೂಗುತ್ತಾಳೆ. ಐವತ್ತಕ್ಕೆ ವ್ಯಾಪಾರ ಮುಗಿಯುತ್ತದೆ. ಆಮೇಲೆ ಒಂದು ಸಾಲು ಬಂದೇ ಬರುತ್ತದೆ, ಬಡವರಾದರೂ ಅವರ ಮುಖದ ಮೇಲೆ ಎಂಥ ನಗು ಅಂತ. ಐವತ್ತು ಕಳಕೊಂಡವಳು ಯಾಕೆ ನಕ್ಕಳು ಎಂದು ಕೇಳುವ ಪುರುಸೊತ್ತು ಅಧ್ಯಾಯಕ್ಕೆ ಇರೋದಿಲ್ಲ. ಮುಂದಿನ ಅಧ್ಯಾಯದಲ್ಲಿ ಪಿರಮಿಡ್ಡು ಕಾದಿರುತ್ತದೆ.

ಈ ಕಣ್ಣನ್ನು ನೋಡೋಕೆ ಮೆಕ್ಸಿಕೋವರೆಗೆ ಹೋಗಬೇಕಾಗಿಲ್ಲ. ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕಮರ್ಷಿಯಲ್ ಸ್ಟ್ರೀಟಿನ ಕಡೆ ನಡೆದರೆ ಸಾಕು. ಅಲ್ಲಿಂದ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ದಾಟಿ, ಹಲಸೂರಿನ ಮೇಲೆ ಹಾದು ಇಂದಿರಾನಗರ ಮುಟ್ಟುವ ಹೊತ್ತಿಗೆ ಕೈಯಿಂದ ಮಾಡಿದ ಒಂದು ವಸ್ತು ಎಷ್ಟು ಹೆಸರು ಬದಲಾಯಿಸಿಕೊಳ್ಳುತ್ತದೆ, ಎಷ್ಟು ಬೆಲೆ ಬದಲಾಯಿಸಿಕೊಳ್ಳುತ್ತದೆ, ಮಾಡಿದವನು ಎಲ್ಲಿ ಉದುರಿಹೋಗುತ್ತಾನೆ ಎಂಬುದು ಐದಾರು ಮೈಲಿಯೊಳಗೆ ಕಾಣುತ್ತದೆ.

ಮೊದಲು ಊರ ಹೆಸರುಗಳನ್ನೇ ನೋಡೋಣ. ನಮ್ಮ ಮೆಟ್ರೋದ ಗುಲಾಬಿ ಮಾರ್ಗದ ನಕ್ಷೆಯಲ್ಲಿ ಎಂ.ಜಿ. ರಸ್ತೆ, ಶಿವಾಜಿನಗರ, ಕಂಟೋನ್ಮೆಂಟ್ ಆದಮೇಲೆ ಪಾಟರಿ ಟೌನ್ ಬರುತ್ತದೆ, ಅದರ ಮುಂದೆ ಟ್ಯಾನರಿ ರಸ್ತೆ. ಕಂಟೋನ್ಮೆಂಟಿಗೆ ಅಂಟಿಕೊಂಡ ಹಾಗೆ ಬಂಬೂ ಬಜಾರ್ ಇದೆ. ಇಂಗ್ಲಿಷಿನಲ್ಲಿ ಕೇಳೋಕೆ ಇಂಪಾಗಿವೆ. ಕನ್ನಡಕ್ಕೆ ತಂದರೆ ಕುಂಬಾರಗೇರಿ, ಬಿದಿರುಪೇಟೆ, ತೊಗಲು ಹದ ಮಾಡುವವರ ರಸ್ತೆ. ಈ ಕೊನೆಯದಕ್ಕೆ ಕಾಗದದ ಮೇಲೆ ಡಾ. ಬಿ.ಆರ್. ಅಂಬೇಡ್ಕರ್ ರಸ್ತೆ ಎಂಬ ಹೆಸರಿದ್ದರೂ ನಕ್ಷೆ ಬರೆದವರ ಕೈಗೆ ಟ್ಯಾನರಿಯೇ ಹತ್ತಿರವಾಯಿತು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯವನ್ನು ಇಲ್ಲಿಗೆ ತಂದು ದಂಡು ಹಾಕಿದರು. ದಂಡಿಗೆ ಬೂಟು ಬೇಕು, ಜೀನು ಬೇಕು, ನೀರಿನ ಮಡಕೆ ಬೇಕು, ಬುಟ್ಟಿ ಬೇಕು, ಬಟ್ಟೆ ಒಗೆಯುವವರು ಬೇಕು. ಆ ಕೆಲಸಗಳ ಹಿಂದೆ ತಮಿಳು ಸೀಮೆಯಿಂದ, ಸುತ್ತಲ ಹಳ್ಳಿಗಳಿಂದ ಜನ ಬಂದರು. ಪೆರೇಡ್ ಮೈದಾನದ ಕಡೆ ಬಂಗಲೆಗಳು ಎದ್ದವು, ಬಜಾರಿನ ಕಡೆ ಸಂದಿಗೊಂದಿಗಳು. 1947ರಲ್ಲಿ ಈ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನು ಮೈಸೂರಿಗೆ ಮರಳಿತು, 1949ರಲ್ಲಿ ಪೇಟೆ ಮತ್ತು ದಂಡು ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಸೋಲ್ಜರು ಹೋದ, ಬಂಗಲೆ ಕೈ ಬದಲಾಯಿತು. ಬಜಾರಿನ ಸಂದಿ ಮಾತ್ರ ಹಾಗೇ ಉಳಿಯಿತು.

ನಮ್ಮ ಭಾಷೆಯಲ್ಲಿ ಈ ಮೂರು ಕಸುಬಿಗೂ ಒಬ್ಬೊಬ್ಬ ಶರಣರಿದ್ದಾರೆ. ಕುಂಬಾರ ಗುಂಡಯ್ಯ, ಮೇದರ ಕೇತಯ್ಯ, ಹರಳಯ್ಯ. ಪಠ್ಯಪುಸ್ತಕದಲ್ಲಿ ಇವರ ಪಾಠ ಮಾಡುವ ಮೇಷ್ಟ್ರುಗಳು ಒಂದು ಸಲ ಮಕ್ಕಳನ್ನು ಕರಕೊಂಡು ಪಾಟರಿ ಟೌನಿಗೆ ಬರಬೇಕು. ಗುಂಡಯ್ಯನ ತಿಗರಿಯ ಸುತ್ತ ಶಿವ ಕುಣಿದ ಎಂದು ಹೇಳುತ್ತೇವಲ್ಲ, ಅಲ್ಲಿ ಈಗ ತಿಗರಿಗೆ ಮೋಟರ್ ಬಂದಿದೆ. ಕೆರೆಯ ಜೇಡಿ ಮಣ್ಣು ತರೋಕೆ ಹತ್ತಿರದಲ್ಲಿ ಕೆರೆಗಳೇ ಇಲ್ಲ. ಮಿಲ್ಲರ್ಸ್ ಟ್ಯಾಂಕು ಹೆಸರಿನಲ್ಲಷ್ಟೇ ನೀರು ಇಟ್ಟುಕೊಂಡಿದೆ. ಮಣ್ಣು ಊರ ಹೊರಗಿನಿಂದ ಲಾರಿಯಲ್ಲಿ ಬರುತ್ತದೆ, ಬಂದಮೇಲೆ ಅದಕ್ಕೂ ರೇಟು. ದೀಪಾವಳಿಗೆ ಹಣತೆ, ಚೌತಿಗೆ ಗಣಪ, ಹೋಟೆಲಿನವರಿಗೆ ತಂದೂರಿ ಒಲೆ, ಇಂದಿರಾನಗರದ ಬಾಲ್ಕನಿಗಳಿಗೆ ಹೂಕುಂಡ. ಒಂದು ಮಳೆ ಅಡ್ಡ ಬಂದರೆ ಒಣಗಲು ಇಟ್ಟ ಹಸಿ ಮಡಕೆಯೆಲ್ಲ ಮತ್ತೆ ಮಣ್ಣು. ಈ ಮಳೆಯ ಲೆಕ್ಕವನ್ನು ಬೆಲೆಯೊಳಗೆ ಸೇರಿಸಿಕೋ ಎಂದು ಕುಂಬಾರನಿಗೆ ಯಾವ ಪ್ರವಾಸಿಯೂ ಹೇಳಿದ್ದಿಲ್ಲ.

ಇಲ್ಲಿ ಎರಡು ಪದಗಳನ್ನು ಬಿಡಿಸಿ ನೋಡಬೇಕು. ಒಂದು ಕುಲಕಸುಬು, ಇನ್ನೊಂದು ಕರಕುಶಲ. ಎರಡೂ ಒಂದೇ ಕೈಯ ಕೆಲಸ. ಕೈಯ ಜೊತೆಗೆ ಮನುಷ್ಯ ಇದ್ದಾಗ, ಅವನ ಕೇರಿ ಇದ್ದಾಗ, ಅವನನ್ನು ಮುಟ್ಟಬೇಕೋ ಬೇಡವೋ ಎಂಬ ಪ್ರಶ್ನೆ ಇದ್ದಾಗ ಅದು ಕುಲಕಸುಬು. ಮನುಷ್ಯನನ್ನು ತೊಳೆದು ಹಾಕಿ, ವಸ್ತುವನ್ನು ಗಾಜಿನ ಬೀರುವಿನಲ್ಲಿ ಇಟ್ಟು, ಕೆಳಗೊಂದು ಚೀಟಿ ಅಂಟಿಸಿದರೆ ಅದು ಕರಕುಶಲ. ಮೊದಲನೆಯ ಪದದಲ್ಲಿ ಕುಲ ಮುಂದೆ ನಿಂತಿದೆ, ಎರಡನೆಯದರಲ್ಲಿ ಕರ ಮಾತ್ರ ಇದೆ, ಅದೂ ಸಂಸ್ಕೃತದ ಕರ. ಕೈ ಎಂದರೆ ಕೊಳೆ ಕಾಣುತ್ತದೆ ಅಂತಲೋ ಏನೋ.

ಕರ್ನಾಟಕ ಸರ್ಕಾರದ ಎರಡು ನಿಗಮಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕರಕುಶಲ ಅಭಿವೃದ್ಧಿ ನಿಗಮ ಹುಟ್ಟಿದ್ದು 1964ರಲ್ಲಿ. ಅದರ ಕಾವೇರಿ ಮಳಿಗೆ ದಶಕಗಳ ಕಾಲ ಎಂ.ಜಿ. ರಸ್ತೆಗೆ ಬಂದ ಪ್ರವಾಸಿಗರನ್ನು ಗಂಧದ ಕೆತ್ತನೆ, ಬೀಟೆ ಮರದ ಕುಂದಣ, ಬಿದರಿ ಹೂಜಿ, ಚನ್ನಪಟ್ಟಣದ ಗೊಂಬೆಗಳ ಮುಂದೆ ನಿಲ್ಲಿಸಿತು. ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮ, ಅಂದರೆ ಲಿಡ್ಕರ್, ಬೇರೆಯಾಗಿ 1976ರಲ್ಲಿ ಬಂತು. ಈಗ ಅದಕ್ಕೆ ಬಾಬು ಜಗಜೀವನರಾಮ್ ಅವರ ಹೆಸರಿದೆ. ಆಡಳಿತಕ್ಕೆ ಅನುಕೂಲವೆಂದು ಬೇರೆ ಮಾಡಿದರು ಎನ್ನಬಹುದು, ಆ ನಿಗಮದಿಂದ ನಮ್ಮ ಎಷ್ಟೋ ಮನೆಗಳಿಗೆ ಉಪಕಾರವಾಗಿದೆ ಎಂಬುದೂ ನಿಜ. ಆದರೆ ಗಂಧದ ಆನೆ ಕರಕುಶಲವಾದರೆ, ಒಂದು ಮೊಳೆಯನ್ನೂ ಬಳಸದೆ ತೊಗಲಿನ ದಾರದಲ್ಲೇ ಹೊಲೆದು ನಿಲ್ಲಿಸುವ ಜೋಡು ಯಾಕೆ ಕೈಗಾರಿಕೆ? ದೇವರ ಕೋಣೆಗೆ ಹೋಗುವ ವಸ್ತುವಿಗೆ ಒಂದು ಬಾಗಿಲು, ಹೊಸ್ತಿಲ ಆಚೆ ಬಿಡುವ ವಸ್ತುವಿಗೆ ಇನ್ನೊಂದು ಬಾಗಿಲು ಎಂಬ ಮನೆಯ ಕಟ್ಟಳೆ ಸೆಕ್ರೆಟರಿಯೇಟಿನ ಫೈಲಿನವರೆಗೂ ನಡೆದು ಬಂದಿದೆ ಎಂದು ನಾವು ಓದಿಕೊಳ್ಳುತ್ತೇವೆ.

ಚೌಕಾಸಿಯ ವಿಷಯಕ್ಕೆ ಬರೋಣ. ಗಾಂಧಿವಾದಿ ಗೆಳೆಯರು ಕೆಲವರು ಇಲ್ಲಿ ಒಂದು ಮಾತು ಹೇಳ್ತಾರೆ. ಹಿಂದೆ ಹಳ್ಳಿಯಲ್ಲಿ ಬೆಲೆಯೇ ಇರಲಿಲ್ಲ, ಕೊಡುಕೊಳೆ ಇತ್ತು, ಎಲ್ಲರೂ ಒಂದೇ ಮನೆಯವರ ಹಾಗೆ ಇದ್ದರು, ಮಾರ್ಕೆಟ್ಟು ಬಂದು ಕೆಡಿಸಿತು ಅಂತ. ಬೆಲೆ ಇರಲಿಲ್ಲ ಅನ್ನೋದು ಸರಿ. ಇದ್ದದ್ದು ಆಯ. ವರ್ಷವೆಲ್ಲ ಮಿಣಿ, ಬಾರುಕೋಲು, ಕಪಿಲೆ ಬಾನಿ, ಎಕ್ಕಡ ಮಾಡಿಕೊಟ್ಟವನು ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು, ಗೌಡರು ಮೊರದಲ್ಲಿ ಸುರಿದಷ್ಟು ರಾಗಿಯನ್ನು ಕಂಬಳಿ ಒಡ್ಡಿ ತಗೋಬೇಕು. ಸಾಲದು ಅನ್ನುವ ಹಾಗಿಲ್ಲ, ಕೊಡಲ್ಲ ಅನ್ನುವ ಹಾಗಂತೂ ಇಲ್ಲವೇ ಇಲ್ಲ. ಜಾತಿ ಕೆಲಸವನ್ನಷ್ಟೇ ಹಂಚಿಲ್ಲ, ಕೆಲಸ ಮಾಡುವವರನ್ನೇ ಒಬ್ಬರ ಮೇಲೊಬ್ಬರಂತೆ ಮೆಟ್ಟಿಲು ಕಟ್ಟಿ ನಿಲ್ಲಿಸಿದೆ ಎಂದು ಅಂಬೇಡ್ಕರರು 1936ರಲ್ಲೇ ವಾದಿಸಿದ್ದರು. ಆ ಮೆಟ್ಟಿಲಿನ ಬುಡದಲ್ಲಿ ನಿಂತವನಿಗೆ ಬೆಲೆ ಹೇಳುವ ನಾಲಗೆಯೇ ಇರಲಿಲ್ಲ.

ಆದ್ದರಿಂದ ಶಿವಾಜಿನಗರದ ಫುಟ್‌ಪಾತಿನ ಮೇಲೆ ಕೂತವನು "ಮುನ್ನೂರಕ್ಕೆ ಬರಲ್ಲ ಸಾರ್, ಬೇರೆ ಕಡೆ ನೋಡ್ಕೊಳ್ಳಿ" ಅಂದಾಗ ನಾವು ಅದನ್ನು ಸಾಧಾರಣ ಮಾತು ಎಂದು ತಿಳಿಯೋದಿಲ್ಲ. ಬರಲ್ಲ ಎಂಬ ಆ ಪದ ನಮ್ಮ ಜನರ ಬಾಯಿಗೆ ಬರಲು ನೂರಾರು ವರ್ಷ ಹಿಡಿಯಿತು. ಹಳ್ಳಿ ಬಿಟ್ಟು, ರೈಲು ಹತ್ತಿ, ದಂಡಿನ ಬಜಾರಿನಲ್ಲಿ ನೆಲ ಹಿಡಿದು ಗಳಿಸಿದ ಪದ ಅದು. ಪ್ರವಾಸ ಕಥನದ ಲೇಖಕರಿಗೆ ಚೌಕಾಸಿ ಎಂದರೆ ಆಟ, ಊರಿಗೆ ಹೋಗಿ ಹೇಳಿಕೊಳ್ಳುವ ಕಥೆ. ಕೂತವನಿಗೆ ಅದು ಆಟವಲ್ಲ. ಬೆಳಿಗ್ಗೆ ತಂದ ದುಡ್ಡಿಗೆ ಸಂಜೆಯೊಳಗೆ ಬಡ್ಡಿ ಕೊಡಬೇಕು, ನಿಂತ ಜಾಗಕ್ಕೆ ಯಾರೋ ಬಂದು ಮಾಮೂಲು ಕೇಳ್ತಾರೆ, ಮಳೆ ಬಂದರೆ ಪ್ಲಾಸ್ಟಿಕ್ ಹೊದಿಸಿ ಕಾಯಬೇಕು. ಹನ್ನೊಂದು ಗಂಟೆಯಾದರೂ ಬೋಣಿ ಆಗದೆ ಇದ್ದಾಗ ಬಂದ ಮೊದಲ ಗಿರಾಕಿ ಅರ್ಧಕ್ಕೆ ಕೇಳಿದರೆ ಕೊಟ್ಟುಬಿಡುತ್ತಾನೆ. ಗಿರಾಕಿ ತನ್ನ ಜಾಣತನ ಗೆದ್ದಿತು ಎಂದುಕೊಳ್ಳುತ್ತಾನೆ. ಗೆದ್ದದ್ದು ಮೀಟರ್ ಬಡ್ಡಿಯವನ ಹೆದರಿಕೆ.

ಹಾಗಂತ ಚೌಕಾಸಿ ಮಾಡುವವರೆಲ್ಲ ದುಷ್ಟರು ಅಂತ ನಾವು ತೀರ್ಪು ಕೊಡ್ತಿಲ್ಲ. ಕೆ.ಆರ್. ಪುರದ ಸಂತೆಯಲ್ಲಿ ನಿಂತು ನೋಡಿ. ಅಲ್ಲಿಯೂ ಜಗಳದ ಹಾಗೆ ಚೌಕಾಸಿ ನಡೆಯುತ್ತದೆ. ಸುತ್ತಲ ಹಳ್ಳಿಯ ಹೆಂಗಸು ಮಡಕೆಯನ್ನು ಎತ್ತಿ, ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಾಳೆ. ಕಣ್ ಅಂದರೆ ಬೆಂದಿದೆ, ದಬ್ ಅಂದರೆ ಎಲ್ಲೋ ಸೀಳು ಬಿಟ್ಟಿದೆ. ಮೊರವನ್ನು ಬೆಳಕಿಗೆ ಹಿಡಿದು ಅಂಚಿನ ಕಟ್ಟು ನೋಡುತ್ತಾಳೆ. "ಏನಣ್ಣಾ, ಹೋದ್ ಸಲ ತಗೊಂಡೋಗಿದ್ದು ಎರಡೇ ತಿಂಗ್ಳಿಗೆ ಬಿಚ್ಕೊಂತು" ಅಂತ ಬೈತಾಳೆ. ಅವನೂ ಸುಮ್ಮನಿರೋದಿಲ್ಲ, "ನೀರಲ್ಲಿ ನೆನೆ ಹಾಕಿದ್ರೆ ಬಿಚ್ಕೊಳ್ದೆ ಇನ್ನೇನಕ್ಕಾ" ಅಂತಾನೆ. ಇಬ್ಬರಿಗೂ ಆ ವಸ್ತು ಗೊತ್ತು. ಅವಳ ಗಂಟಿನಲ್ಲಿ ಇರುವ ದುಡ್ಡು ಎಷ್ಟು ಕಷ್ಟದ್ದು ಎಂದು ಅವನಿಗೂ ಗೊತ್ತು. ಬರುವ ವಾರ ಇಬ್ಬರೂ ಮತ್ತೆ ಮುಖ ನೋಡಬೇಕು. ಆ ಚೌಕಾಸಿಗೆ ಕೆಲಸದ ತಿಳಿವಳಿಕೆ ಇದೆ, ನಾಳೆ ಇದೆ. ಪ್ರವಾಸಿಯ ಚೌಕಾಸಿಯಲ್ಲಿ ಎರಡೂ ಇಲ್ಲ. ಅವನಿಗೆ ವಸ್ತು ಗೊತ್ತಿಲ್ಲ, ಬೆಲೆ ಇಳಿಸಬೇಕು ಎಂಬುದೊಂದೇ ಗೊತ್ತು. ಆಲೆ ಮರದ ಮೇಲೆ ಅರಗಿನ ಬಣ್ಣ ಕಟ್ಟಿದ ಚನ್ನಪಟ್ಟಣದ ಬುಗುರಿಗೂ, ಎಲ್ಲಿಂದಲೋ ಡಬ್ಬಿಯಲ್ಲಿ ಬಂದ ಪೇಂಟು ಬಳಿದ ಬುಗುರಿಗೂ ಅವನಿಗೆ ವ್ಯತ್ಯಾಸ ಕಾಣದು. ಹಾಗಾಗಿ ಅವನು ಅರ್ಧಕ್ಕೆ ಕೇಳುತ್ತಾನೆ, ಮಾರುವವನು ಅವನ ಮುಖ ನೋಡಿ ಮೊದಲೇ ಎರಡರಷ್ಟು ಹೇಳಿರುತ್ತಾನೆ, ಹೀಗೆ ಇಬ್ಬರೂ ಸೇರಿ ಬೆಲೆಯೆಂಬುದನ್ನು ಸುಳ್ಳು ಮಾಡಿಬಿಡುತ್ತಾರೆ. ಆ ಸುಳ್ಳಿನ ನಷ್ಟ ಬೀಳುವುದು ಚನ್ನಪಟ್ಟಣದಲ್ಲಿ ಕೂತು ಕಡೆಯುವವನ ಕೂಲಿಯ ಮೇಲೆ. ಫುಟ್‌ಪಾತಿನಲ್ಲಿ ಮಾರುವವನು ಎಷ್ಟೋ ಸಲ ಮಾಡಿದವನಲ್ಲ, ಅವನೂ ಕೈಯಿಂದ ಕೈಗೆ ದಾಟಿ ಬಂದ ಸರಕಿನ ಕೊನೆಯ ಕೈ, ಅಷ್ಟೇ.

ಇದೇ ಗಿರಾಕಿಯ ಇನ್ನೊಂದು ಮುಖ ಇಂದಿರಾನಗರದಲ್ಲಿ ಸಿಗುತ್ತದೆ. ನೂರಡಿ ರಸ್ತೆಯ ಅಂಗಡಿಗಳಲ್ಲಿ ಅದೇ ಮಣ್ಣಿನ ಕುಡಿಕೆ, ಅದೇ ಬಿದಿರಿನ ತಟ್ಟೆ, ತಣ್ಣನೆ ಗಾಳಿಯಲ್ಲಿ, ಹಳದಿ ದೀಪದ ಕೆಳಗೆ. ಅಲ್ಲಿ ಯಾರೂ ಅರ್ಧಕ್ಕೆ ಕೇಳೋದಿಲ್ಲ. ಚೀಟಿಯಲ್ಲಿ ಬರೆದಷ್ಟು ಕಾರ್ಡು ಉಜ್ಜಿ ಕೊಟ್ಟು ಬರುತ್ತಾರೆ. ಬಾಡಿಗೆಯ ಜೊತೆ, ಗಾಜಿನ ಜೊತೆ, ಇಂಗ್ಲಿಷಿನ ಜೊತೆ ಚೌಕಾಸಿ ಮಾಡಬಾರದೆಂಬ ಮರ್ಯಾದೆ ಎಲ್ಲರಿಗೂ ತಿಳಿದಿದೆ. ಮರ್ಯಾದೆ ತಿಳಿಯದೆ ಇರುವುದು ನೆಲದ ಮೇಲೆ ಕೂತವನ ಹತ್ತಿರ ಮಾತ್ರ. ಒಂದು ತಮಾಷೆ ನೋಡಿ, ಈ ಕಡೆಯ ಬೇಕರಿಗಳಲ್ಲಿ ಈಗ ಆರ್ಟಿಸನ್ ಬ್ರೆಡ್ಡು ಸಿಗುತ್ತದೆ, ಆರ್ಟಿಸನ್ ಕಾಫಿ ಸಿಗುತ್ತದೆ. ಹಿಟ್ಟು ನಾದಿದವನು ಆರ್ಟಿಸನ್. ಎರಡು ಫರ್ಲಾಂಗು ಆಚೆ ಹಳೆ ಮದರಾಸು ರಸ್ತೆಯ ಬದಿಯಲ್ಲಿ ಛತ್ರಿ ಕಟ್ಟಿಕೊಂಡು ಉಂಗುಷ್ಠ ಹೊಲಿಯುವವನು ಮಾತ್ರ ಮೋಚಿ. ಅವನು ಮೂವತ್ತು ಅಂದರೆ ಇಪ್ಪತ್ತು ತಗೋ ಅಂತಾರೆ, ಅದೂ ಏಕವಚನದಲ್ಲಿ.

ಈ ಅಂಗಡಿಗಳಲ್ಲಿ ಇನ್ನೊಂದು ಬಗೆಯ ಗಿರಾಕಿ ಇದ್ದಾರೆ, ಕರುಣೆಯ ಗಿರಾಕಿ. ವಸ್ತುವಿನ ಕುತ್ತಿಗೆಗೆ ಒಂದು ಚೀಟಿ ನೇತಾಡುತ್ತಿರುತ್ತದೆ, ಅದರಲ್ಲಿ ಮಾಡಿದ ಹೆಂಗಸಿನ ಕಥೆ. ಗಂಡ ಕುಡುಕ, ಮೂರು ಮಕ್ಕಳು, ಈ ಚೀಲ ಕೊಂಡರೆ ಅವಳ ಬದುಕು ಬೆಳಗುತ್ತದೆ. ಕಥೆಯಲ್ಲಿ ಅವಳ ಕಷ್ಟವಿದೆ, ಕೂಲಿ ಎಷ್ಟು ಎಂಬುದಿಲ್ಲ. ಕೂಲಿ ಬರೆದರೆ ಚೀಟಿಯ ಇನ್ನೊಂದು ಬದಿಯಲ್ಲಿರುವ ಬೆಲೆಯ ಜೊತೆ ಹೋಲಿಸಿ ನೋಡುವ ಅಪಾಯವಿದೆಯಲ್ಲ! ಚೌಕಾಸಿಯವನು ಅವಳ ಬೆಲೆ ಕದಿಯುತ್ತಾನೆ, ಕರುಣೆಯವನು ಅವಳ ಕಥೆ ಕೊಳ್ಳುತ್ತಾನೆ. ಇಬ್ಬರಿಗೂ ಅವಳು ಕೆಲಸಗಾರಳಾಗಿ ಕಾಣೋದಿಲ್ಲ.

ಲಂಬಾಣಿ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಗೋವೆಯ ಕಡಲ ದಂಡೆಯಲ್ಲಿ, ಹಂಪಿಯಲ್ಲಿ ಕನ್ನಡಿ ಬಿಲ್ಲೆಯ ಚೀಲ, ಕವಡೆಯ ಪಟ್ಟಿ ಹಿಡಿದು ಮಾರುವ ನಮ್ಮ ತಾಂಡಾದ ಹೆಂಗಸರು ಸರಕಿಗಿಂತ ಮೊದಲು ತಾವೇ ಕ್ಯಾಮರಾಕ್ಕೆ ಸಿಕ್ಕಿಬೀಳುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ. 2023ರ ಜುಲೈನಲ್ಲಿ ಜಿ-20 ಸಭೆ ಹಂಪಿಯಲ್ಲಿ ನಡೆದಾಗ 450ಕ್ಕೂ ಹೆಚ್ಚು ಹೆಂಗಸರು ಹೊಲೆದ 1,755 ವಸ್ತುಗಳನ್ನು ಒಟ್ಟಿಗೆ ಹರಡಿ ಗಿನ್ನೆಸ್ ದಾಖಲೆ ಮಾಡಿದರು. ದಾಖಲೆ ಬಂತು, ಫೋಟೋ ಬಂತು. ಅದೇ ಹಂಪಿಯಲ್ಲಿ 2011ರ ಜುಲೈನಲ್ಲಿ ಬಜಾರಿನ ಸಾಲುಮಂಟಪಗಳಲ್ಲಿ ಅಂಗಡಿ ಇಟ್ಟು ಬದುಕಿದ್ದ ಮನೆಗಳನ್ನು ಜೆಸಿಬಿ ತಂದು ಕೆಡವಿದ್ದರು. ಪರಂಪರೆಯ ಜಾಗದಲ್ಲಿ ಜನ ಇರಬಾರದು, ಜನರ ಕಸೂತಿ ಇದ್ದರೆ ಸಾಕು ಎಂಬ ಧೋರಣೆ ಇದು.

2025ರಲ್ಲಿ ನಡೆದ ಎರಡು ಘಟನೆಗಳನ್ನು ನಮ್ಮ ಓದುಗರು ಜೊತೆಗಿಟ್ಟು ಓದಬೇಕು. ಎರಡೂ ಕಾಲಿಗೆ ಹಾಕುವ ವಸ್ತುವಿನವು. ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಕಂಪನಿ ತನ್ನ ಫ್ಯಾಷನ್ ಶೋದಲ್ಲಿ ಕೊಲ್ಹಾಪುರಿ ಜೋಡುಗಳನ್ನು ತೊಡಿಸಿ ಹುಡುಗರನ್ನು ನಡೆಸಿತು. ಹೆಸರು ಬರೀ ಲೆದರ್ ಸ್ಯಾಂಡಲ್. ಕೊಲ್ಹಾಪುರ ಎಂಬ ಸೊಲ್ಲಿಲ್ಲ, ಇಂಡಿಯಾ ಎಂಬ ಸೊಲ್ಲಿಲ್ಲ. ಈ ಜೋಡಿಗೆ ಭೌಗೋಳಿಕ ಗುರುತು ಇರುವುದು ಮಹಾರಾಷ್ಟ್ರದ ನಾಲ್ಕು ಮತ್ತು ನಮ್ಮ ನಾಲ್ಕು ಜಿಲ್ಲೆಗಳಿಗೆ: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿಯ ಕೇರಿಗಳಲ್ಲಿ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲನ್ನು ಗಂಡಸರು ಕತ್ತರಿಸಿ ಅಟ್ಟೆ ಕೂರಿಸುತ್ತಾರೆ, ಹೆಂಗಸರು ಮನೆಯ ಹೊಸ್ತಿಲಲ್ಲಿ ಕೂತು ಎಳೆ ಹೆಣೆಯುತ್ತಾರೆ. ಗುರುತಿನ ಹಕ್ಕು ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ನಮ್ಮ ಲಿಡ್ಕರ್ ಎರಡರ ಹೆಸರಲ್ಲೂ ಇದೆ. ಗಲಾಟೆ ಎದ್ದಮೇಲೆ ಕಂಪನಿ ಒಂದು ಪತ್ರ ಬರೆದು, ಹೌದು ಇದು ಭಾರತದ ಕೈಕಸುಬಿನಿಂದ ಬಂದದ್ದು ಎಂದು ಒಪ್ಪಿಕೊಂಡಿತು. ಪತ್ರ ಬರೆದದ್ದು ಯಾರಿಗೆ? ಮಹಾರಾಷ್ಟ್ರದ ವ್ಯಾಪಾರೋದ್ಯಮಿಗಳ ಚೇಂಬರಿಗೆ. ಸಮಗಾರರ ಕೇರಿಗಲ್ಲ. ಜುಲೈನಲ್ಲಿ ಕಂಪನಿಯವರು ಕೊಲ್ಹಾಪುರಕ್ಕೆ ಬಂದು ಕೆಲಸ ನೋಡಿಕೊಂಡೂ ಹೋದರು.

ಆಗಸ್ಟ್ ತಿಂಗಳಲ್ಲಿ ಅಡಿಡಾಸ್ ಕಂಪನಿ ಸಿಕ್ಕಿಬಿತ್ತು. ಮೆಕ್ಸಿಕೋದ ವಹಾಕಾ ಪ್ರಾಂತದ ಯಲಾಲಗ್ ಎಂಬ ಊರಿನ ಜಪೊಟೆಕ್ ಜನ ತೊಗಲಿನ ಪಟ್ಟಿ ಹೆಣೆದು ಮಾಡುವ ವರಾಚೆ ಎಂಬ ಜೋಡು ಇದೆ. ಅದರ ಮೇಲ್ಭಾಗವನ್ನು ಎತ್ತಿ ತನ್ನ ರಬ್ಬರ್ ಅಟ್ಟೆಯ ಮೇಲೆ ಕೂರಿಸಿ, ವಹಾಕಾದ ಹೆಸರನ್ನೇ ಇಟ್ಟು ಮಾರಲು ಹೊರಟಿತ್ತು. 2022ರಲ್ಲಿ ಮೆಕ್ಸಿಕೋ ಸರ್ಕಾರ ಒಂದು ಕಾಯ್ದೆ ತಂದಿದೆ. ಮೂಲನಿವಾಸಿ ಸಮುದಾಯಗಳ ಮತ್ತು ಆಫ್ರಿಕನ್ ಮೂಲದ ಸಮುದಾಯಗಳ ಸಾಂಸ್ಕೃತಿಕ ಸೊತ್ತನ್ನು ಅವರ ಒಪ್ಪಿಗೆಯಿಲ್ಲದೆ ವ್ಯಾಪಾರಕ್ಕೆ ಬಳಸಿದರೆ ಅಪರಾಧ. ಸೊತ್ತು ಸರ್ಕಾರದ್ದಲ್ಲ, ಕಂಪನಿಯದಲ್ಲ, ಸಮುದಾಯದ್ದು ಎಂಬುದು ಅದರ ತಿರುಳು. ಅಡಿಡಾಸ್ ಪ್ರತಿನಿಧಿ ಆ ಊರಿಗೇ ಹೋಗಿ, ಊರ ಜನರ ಎದುರು ನಿಂತು ಕ್ಷಮೆ ಕೇಳಬೇಕಾಯಿತು. ಬೆಟ್ಟದ ಮೇಲಿನ ಒಂದು ಸಣ್ಣ ಊರು ಅದು. ಆ ಕಾಯ್ದೆಯಿಂದ ಮೆಕ್ಸಿಕೋದಲ್ಲಿ ಬೀದಿಯಲ್ಲಿ ಮಾರುವ ಹೆಂಗಸರ ಕಷ್ಟವೆಲ್ಲ ತೀರಿತು ಎಂದು ನಾವು ಹೇಳುತ್ತಿಲ್ಲ. ಪ್ರವಾಸಿಗಳು ಅಲ್ಲಿ ಇಂದೂ ಅರ್ಧಕ್ಕೇ ಕೇಳುತ್ತಾರೆ. ಆದರೆ ಕ್ಷಮೆಯ ವಿಳಾಸ ಅಲ್ಲಿ ಸರಿಯಾಗಿತ್ತು.

ನಮ್ಮಲ್ಲಿ ಏನಾಯಿತು? 2025ರ ಡಿಸೆಂಬರಿನಲ್ಲಿ ಪ್ರಾಡಾ ಕಂಪನಿ ಲಿಡ್‌ಕಾಮ್ ಮತ್ತು ಲಿಡ್ಕರ್ ಜೊತೆ ಒಪ್ಪಂದ ಮಾಡಿಕೊಂಡಿತು. ಎರಡು ರಾಜ್ಯಗಳ ಕುಶಲಿಗಳ ಕೈಯಿಂದ ಎರಡು ಸಾವಿರ ಜೊತೆ ಮಾಡಿಸುವುದು, ಒಂದು ಜೊತೆಯ ಬೆಲೆ ಸುಮಾರು 800 ಯೂರೋ. ನಮ್ಮ ದುಡ್ಡಿನಲ್ಲಿ ಎಂಬತ್ತು ಸಾವಿರ ದಾಟುತ್ತದೆ. ಇದು ಗೌರವವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹರಳಯ್ಯ ದಂಪತಿಗಳು ತಮ್ಮ ತೊಡೆಯ ತೊಗಲಿನಿಂದ ಬಸವಣ್ಣನಿಗೆ ಜೋಡು ಮಾಡಿದರು, ಆತ ಅದನ್ನು ಕಾಲಿಗೆ ಹಾಕದೆ ತಲೆಯ ಮೇಲೆ ಹೊತ್ತ ಎಂಬ ಕಥೆ ನಮ್ಮಲ್ಲಿದೆ. ಆ ಕಥೆಯಲ್ಲಿ ಜೋಡಿಗೆ ಸಿಕ್ಕ ಗೌರವವನ್ನಷ್ಟೇ ಹೇಳಿ ನಿಲ್ಲಿಸುತ್ತಾರೆ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟು ಮದುವೆಯಾದಾಗ ಕಲ್ಯಾಣದಲ್ಲಿ ಏನಾಯಿತು ಎಂಬುದು ಅದರ ಮುಂದಿನ ಭಾಗ. ಜೋಡು ತಲೆಯ ಮೇಲೆ ಹೋಗಬಹುದು, ಮಾಡಿದವನ ಮಗ ಮನೆಯೊಳಗೆ ಬರಬಾರದು. ಇವತ್ತಿನ ಫ್ಯಾಷನ್ನಿನ ಮಾರುಕಟ್ಟೆಯೂ ಅಲ್ಲಿಗೇ ಬಂದು ನಿಂತಿದೆ.

ಮಗನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡಬೇಕು. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ವಿಶ್ವಕರ್ಮ ಯೋಜನೆ ತಂದಿತು. ಹದಿನೆಂಟು ಕಸುಬಿನವರಿಗೆ ತರಬೇತಿ, ಹದಿನೈದು ಸಾವಿರ ರೂಪಾಯಿಯ ಹತಾರ, ಐದು ಪರ್ಸೆಂಟ್ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ. ಕುಂಬಾರ, ಚಮ್ಮಾರ, ಬುಟ್ಟಿ ಹೆಣೆಯುವವರು ಎಲ್ಲರೂ ಇದ್ದಾರೆ. ಮೀಟರ್ ಬಡ್ಡಿಯಲ್ಲಿ ಒದ್ದಾಡುವವನಿಗೆ ಐದು ಪರ್ಸೆಂಟ್ ಸಾಲ ಬೇಡ ಅನ್ನುವ ಸೊಕ್ಕು ನಮಗಿಲ್ಲ, ಸಿಗುವವರು ತಗೊಳ್ಳಲಿ. ಆದರೆ ಯೋಜನೆಯ ಮಾತು ಕುಟುಂಬದ ಕಸುಬು, ಗುರು ಶಿಷ್ಯ ಪರಂಪರೆ ಎಂದು ನಡೆಯುತ್ತದೆ. ತಮಿಳುನಾಡು ಸರ್ಕಾರ 2024ರ ನವೆಂಬರಿನಲ್ಲಿ ಈ ಕಾರಣಕ್ಕೇ ಅದನ್ನು ಒಪ್ಪದೆ, ಜಾತಿಯ ಹಂಗಿಲ್ಲದೆ ಯಾರು ಬೇಕಾದರೂ ಕಲಿಯುವ ಬೇರೆ ಯೋಜನೆ ಮಾಡಿಕೊಂಡಿತು. ಕುಂಬಾರನ ಮಗ ತಿಗರಿ ಬಿಟ್ಟರೆ ಕಲೆ ಸಾಯುತ್ತದೆ ಎಂದು ಮರುಗುವವರು ತಮ್ಮ ಮಗನನ್ನು ತಿಗರಿಗೆ ಕಳಿಸಿದ್ದನ್ನು ನಾವು ಕಂಡಿಲ್ಲ. ಮಣ್ಣಿನ ಕಲೆ ಅಷ್ಟು ದೊಡ್ಡದಾದರೆ ಇಂದಿರಾನಗರದ ಹುಡುಗ ಪಾಟರಿ ಟೌನಿಗೆ ಬಂದು ಮಣ್ಣು ತುಳಿಯಲಿ, ವಾರದ ಕೊನೆಯ ಎರಡು ತಾಸಿನ ಹವ್ಯಾಸಕ್ಕಲ್ಲ, ಹೊಟ್ಟೆಪಾಡಿಗೆ. ಕುಂಬಾರನ ಹುಡುಗಿ ಕಾಲೇಜಿಗೆ ಹೋಗಲಿ. ಆಮೇಲೆ ಅವಳಿಗೆ ಮನಸ್ಸಿದ್ದರೆ ತಿಗರಿಗೆ ಬರುತ್ತಾಳೆ, ಇಲ್ಲದಿದ್ದರೆ ಇಲ್ಲ.

ಕೆಲಸ ಉಳಿಸಬೇಕು ಅನ್ನುವವರು ಮೊದಲು ಜಾಗ ಉಳಿಸಲಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಸರ್ವೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು ಎಂದಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತು ಪಾಲು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಹೆಂಗಸರು ಇರಬೇಕು ಎಂದಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಬೆಂಗಳೂರಿಗೆ ಐದು ಪಾಲಿಕೆಗಳು ಬಂದವು. ಐದು ಪಾಲಿಕೆ ಅಂದರೆ ಕೇಳಬೇಕಾದ ಬಾಗಿಲು ಐದು. ಶಿವಾಜಿನಗರದಲ್ಲಿ, ಹಲಸೂರಿನಲ್ಲಿ, ಕೆ.ಆರ್. ಪುರದಲ್ಲಿ ನಮ್ಮ ಸಂಘಟನೆಯ ಗೆಳೆಯರು ಯಾರ ಹತ್ತಿರ ಪ್ರಮಾಣಪತ್ರ ಇದೆ, ಯಾರ ಹತ್ತಿರ ಇಲ್ಲ, ಸಮಿತಿಯ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂಬ ಪಟ್ಟಿ ಮಾಡಿಕೊಂಡು ಹೋಗಬೇಕು. ಲಿಡ್ಕರ್ ಕಚೇರಿಗೂ ಒಂದು ಅರ್ಜಿ ಹೋಗಬೇಕು. ಎಂಟುನೂರು ಯೂರೋದ ಆ ಜೋಡಿನಲ್ಲಿ ಅಥಣಿಯ ಮನೆಯ ಹೊಸ್ತಿಲಲ್ಲಿ ಕೂತು ಎಳೆ ಹೆಣೆದವಳಿಗೆ ಜೊತೆಯೊಂದಕ್ಕೆ ಎಷ್ಟು ರೂಪಾಯಿ ಎಂದು ಕೇಳಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಅದರಲ್ಲಿ ಚೌಕಾಸಿ ಇಲ್ಲ.